ಪಿಕಪ್ ಮುಂದಿನ ಆಕ್ಸಲ್ ಅದುರುತ್ತಿದೆ, ನಿಮ್ಮ ಅನುಭವ ಹೇಳಿ

ಕೆಂಪುಧೂಳು: ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಪಿಕಪ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎಡ ಬಲ ಚಕ್ರ ಬೇರೆ ಬೇರೆಯಾಗಿ ಆಡುತ್ತವೆ), 2 ಇಂಚು ಲಿಫ್ಟ್ ಆಗಿದೆ, ಅಂದರೆ ಗಾಡಿ ಎತ್ತರಿಸಿದ್ದು. ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಎಳೆತ) ಮಣ್ಣು ರಸ್ತೆ ಮೇಲೆ 60 ದಾಟಿದರೆ ಕಾಲಡಿಯಲ್ಲಿ ಗುಂಯ್ ಅಂತ ಅದುರುತ್ತದೆ. ಆಕ್ಸಲರೇಟರ್ ಬಿಟ್ಟರೆ ಕಡಿಮೆಯಾಗುತ್ತದೆ. ಟೂ ಹೈನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಎಳೆತ) ಏನೂ ಇಲ್ಲ. ಎಲ್ಲಿಂದ ನೋಡುತ್ತಾ ಬರಬೇಕು?

ಗ್ರೀಸ್‌ಕೈ: ಗುರುಗಳೇ, ನನ್ನ ಕಥೆ ಕೇಳಿ. ನನ್ನದು ಸಾಲಿಡ್ ಆಕ್ಸಲ್ ಗಾಡಿ, ಮುಂದಿನ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್. ವರ್ಕ್‌ಶಾಪಿನವರು ಮೊದಲು ಬ್ಯಾಲೆನ್ಸಿಂಗ್ ಅಂದರು. ಆಮೇಲೆ ಅಲೈನ್‌ಮೆಂಟ್. ಆಮೇಲೆ ಶಾಕ್ ಅಬ್ಸಾರ್ಬರ್ ಜೋಡಿ. ಆಮೇಲೆ ಎರಡೂ ಕಡೆ ಹಬ್ ಬೇರಿಂಗ್. ಬಿಚ್ಚಿದ ಬೇರಿಂಗ್ ಇನ್ನೂ ನನ್ನ ಹತ್ತಿರ ಇದೆ, ಹೊಸದರ ಹಾಗೇ ತಿರುಗುತ್ತದೆ. ಎಲ್ಲಾ ಬಿಲ್ ಕಟ್ಟಿದ ಮೇಲೂ ಅದುರು ಅದೇ ಅದುರು. ಕೊನೆಗೆ ನಾನೇ ಗಾಡಿ ಕೆಳಗೆ ಮಲಗಿ ಮುಂದಿನ ಆಕ್ಸಲ್‌ಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಓಡಿಸಿದೆ. ಸದ್ದೇ ಇಲ್ಲ! ಎಳೆತವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕಡೆಯ ಡಬಲ್ ಜಾಯಿಂಟಿನಲ್ಲಿ ಒಂದು ಕ್ರಾಸ್ (ಜಾಯಿಂಟ್ ಬಾಗಲು ಬಿಡುವ ಪ್ಲಸ್ ಆಕಾರದ ತುಂಡು) ಬಿಗಿದುಕೊಂಡಿತ್ತು, ನಡುವಿನ ಬಾಲ್ ಒಣಗಿ ತುಕ್ಕು ಹಿಡಿದಿತ್ತು.

ಅಲ್ಲಿಗೆ ಮುಗೀತು ಅಂದುಕೊಂಡ್ರಾ? ಹೊಸ ಕ್ರಾಸ್ ಹಾಕಿದ ಮಹಾಶಯ ಸುತ್ತಿಗೆಯಲ್ಲಿ ಬಡಿದು ಅದರ ತುದಿಯ ಬೇರಿಂಗ್ ಕಪ್ ಕೂರಿಸಿದ. ಒಳಗೆ ಒಂದು ಸೂಜಿ ರೋಲರ್ ಅಡ್ಡ ಬಿದ್ದಿತ್ತು. ಕಪ್ ಹಿಡಿದಿಡುವ ಸರ್‌ಕ್ಲಿಪ್ ಕೂರಲಿಲ್ಲ, ಅದನ್ನೂ ಬಡಿದ. ಸಾಲದು ಅಂತ ಸ್ಲಿಪ್ ಯೋಕ್‌ಗೆ (ಶಾಫ್ಟಿನ ಜಾರುವ ಕವಲು ತುದಿ) ಗುರುತು ಹಾಕದೆ ಎಳೆದು, ಹಲ್ಲು ತಪ್ಪಿಸಿ ಜೋಡಿಸಿದ. ಎರಡು ತುದಿಯ ಯೋಕ್ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಗೊತ್ತಲ್ಲ. ಮೊದಲಿಗಿಂತ ಜಾಸ್ತಿ ಅದುರು. ಮತ್ತೆ ಬಿಚ್ಚು, ಮತ್ತೆ ಕ್ರಾಸ್, ಮತ್ತೆ ಕೂಲಿ.

ಮಡ್‌ಟೈರ್: ಎಲ್ಲರೂ ಶಾಫ್ಟ್ ಶಾಫ್ಟ್ ಅಂತಾರೆ. ನನ್ನ ಗಾಡಿಯಲ್ಲಿ ಟೈರ್. ಬ್ಯಾಲೆನ್ಸಿಂಗ್ ಮಿಷನ್ ಸೊನ್ನೆ ತೋರಿಸುತ್ತಿತ್ತು. ಮಿಷನ್ ಮೇಲೆ ಟೈರಿಗೆ ಗಾಡಿ ಭಾರ ಎಲ್ಲಿರುತ್ತದೆ? ಒಳಗಿನ ಸ್ಟೀಲ್ ಬೆಲ್ಟ್ ಬಿಟ್ಟುಕೊಂಡಿತ್ತು. ಮುಂದಿನ ಟೈರ್ ಹಿಂದಕ್ಕೆ ಹಾಕಿದೆ, ಸ್ಟೇರಿಂಗಿನಲ್ಲಿದ್ದ ನಡುಕ ಸೀಟಿಗೆ ಬಂತು. ಅಂಗಡಿಯವನು ವಾರಂಟಿ ಕೊಡಲಿಲ್ಲ. ‘ಕಲ್ಲಿಗೆ ಹೊಡೆದಿದ್ದೀರಿ’ ಅಂದ. ಮಡ್ ಟೈರ್ ಮತ್ತೇನು ಶೋಕೇಸಿನಲ್ಲಿ ಇಡಬೇಕಿತ್ತಾ?

ಗ್ರೀಸ್‌ಕೈ: ಸ್ವಾಮಿ, ಟೂ ಹೈನಲ್ಲಿ ಏನೂ ಇಲ್ಲ ಅಂತ ಅವರು ಬರೆದಿದ್ದಾರಲ್ಲ. ಟೂ ಹೈನಲ್ಲಿ ಟೈರ್ ತಿರುಗೋದಿಲ್ವಾ?

ಮಡ್‌ಟೈರ್: ಅವರು ಕೇಳಿದ್ದು ಅನುಭವ, ನಾನು ಬರೆದದ್ದು ಅನುಭವ. ನಿಮ್ಮ ಸಾಲಿಡ್ ಆಕ್ಸಲ್ ಪುರಾಣ ಮಾತ್ರ ಅವರ ಗಾಡಿಗೆ ಹೇಗೆ ಹೊಂದುತ್ತದೆ?

ಲೆಕ್ಕದವನು: 60 ಅಂದರೆ ಸೆಕೆಂಡಿಗೆ 16.7 ಮೀಟರ್. ಟೈರ್ ಸುತ್ತಳತೆ 2.4 ಮೀಟರ್ ಅಂತ ಇಟ್ಟುಕೊಂಡರೆ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೇರಿನ ರೇಶಿಯೋ 4.1 ಇದ್ದರೆ (ಚಕ್ರ ಒಮ್ಮೆ ತಿರುಗಲು ಶಾಫ್ಟ್ 4.1 ಸಲ) ಪ್ರೊಪೆಲ್ಲರ್ ಶಾಫ್ಟ್ 28ರ ಹತ್ತಿರ. ಕ್ರಾಸ್ ಕೋನ ಸರಿಯಿಲ್ಲದಿದ್ದರೆ ಶಾಫ್ಟಿನ ಪ್ರತಿ ಸುತ್ತಿನಲ್ಲಿ ಎರಡು ಸಲ ಅದುರುತ್ತದೆ, ಅಂದರೆ 57ರ ಆಸುಪಾಸು. ಚಕ್ರದ್ದು ದಡದಡ, ಶಾಫ್ಟಿನದು ಗುಂಯ್. ನಾನು ಫೋನ್ ಆಪ್‌ನಲ್ಲಿ ಅಳೆದು ತೋರಿಸಿದಾಗ ಮೆಕ್ಯಾನಿಕ್ ನಕ್ಕ. ಬಿಚ್ಚಿದ ಮೇಲೆ ನಗಲಿಲ್ಲ.

ಕಂಪನಿಎತ್ತರ: ಲಿಫ್ಟ್ ಅಂದರಲ್ಲ, ಉತ್ತರ ಅಲ್ಲೇ ಇದೆ. ನಾನು ಕೊಂಡ ಗಾಡಿಗೆ ಹಿಂದಿನವರು ಲಿಫ್ಟ್ ಹಾಕಿಸಿದ್ದರು. ಡಿಫರೆನ್ಷಿಯಲ್ ಬಾಡಿ ಜೊತೆ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ, ನಡುವಿನ ಸಿವಿ ಶಾಫ್ಟ್ ಓರೆಯಾಗುತ್ತದೆ. ಆ ಓರೆಯಲ್ಲಿ ಎಳೆತ ಬಿದ್ದರೆ ಡಿಫರೆನ್ಷಿಯಲ್ ಕಡೆಯ, ಮೂರು ರೋಲರಿನ ಟ್ರೈಪಾಡ್ ಜಾಯಿಂಟ್ ಅದುರುತ್ತದೆ, ಕಾಲು ತೆಗೆದರೆ ಸುಮ್ಮನಾಗುತ್ತದೆ. ಮೊದಲು ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿಯಿತು, ರಿಮ್ ತುಂಬಾ ಗ್ರೀಸ್. ಬೂಟ್ ಬದಲಿಸಿದೆ, ಕ್ಲಾಂಪ್ ಬಿಟ್ಟಿತು. ಪೂರ್ತಿ ಸಿವಿ ಶಾಫ್ಟ್ ತಂದು ಹಾಕಿಸಿದೆ, ಸ್ವಲ್ಪ ದಿನಕ್ಕೆ ಅದೂ ಗುಂಯ್. ಡಿಫರೆನ್ಷಿಯಲ್ ಕೆಳಗಿಳಿಸುವ ಸ್ಪೇಸರ್ ಹಾಕಿಸಿದೆ, ತಳ ಕಾಯುವ ಸ್ಕಿಡ್ ಪ್ಲೇಟ್ ತಾಗತೊಡಗಿತು. ಎಲ್ಲಾ ಕಿತ್ತು ಹಾಕಿ ಕಂಪನಿ ಎತ್ತರಕ್ಕೆ ತಂದ ಮೇಲೆ ನೆಮ್ಮದಿ.

ಬೆಟ್ಟಹತ್ತು: 2 ಇಂಚಿಗೆ ಇಷ್ಟು ಅಳ್ತೀರಾ? ನನ್ನ ಗಾಡಿಯೂ ಲಿಫ್ಟ್ ಆಗಿದೆ, ಜಾಯಿಂಟ್ ಗಟ್ಟಿಮುಟ್ಟಾಗಿದೆ. ಅಗ್ಗದ ಶಾಫ್ಟ್ ತಂದು ಲಿಫ್ಟ್ ಮೇಲೆ ಗೂಬೆ ಕೂರಿಸಬೇಡಿ.

ಕಂಪನಿಎತ್ತರ: ಅಗ್ಗದ್ದು ಅಂತ ಯಾರು ಹೇಳಿದ್ದು? ಒರಿಜಿನಲ್ ಪಾರ್ಟ್. ಬಿಲ್ ತೋರಿಸಲಾ?

ಕೆಂಪುಧೂಳು: ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಟ್ರಾನ್ಸ್‌ಫರ್ ಕೇಸ್ ಎಣ್ಣೆ ಸುರಿಯುತ್ತದಾ?

ಗ್ರೀಸ್‌ಕೈ: ಫ್ಲ್ಯಾಂಜ್‌ಗೆ ಬೋಲ್ಟ್ ಹಾಕಿದ ಶಾಫ್ಟ್ ಆದರೆ ಸುರಿಯೋದಿಲ್ಲ. ಯೋಕ್ ಕೇಸಿನ ಒಳಗೇ ತೂರುವ ಜಾತಿಯಾದರೆ ಸುರಿಯುತ್ತದೆ, ಹಾಗೇ ಓಡಿಸಬೇಡಿ. ಬಿಚ್ಚುವ ಮೊದಲು ಎರಡೂ ಕಡೆ ಪೇಂಟ್ ಗುರುತು ಹಾಕಿ. ಹೊಸ ಕ್ರಾಸ್ ಬೇಕಾದರೆ ಗ್ರೀಸ್ ತುಂಬುವ ನಿಪ್ಪಲ್ ಇರೋದನ್ನೇ ತನ್ನಿ.

ಬೆಟ್ಟಹತ್ತು: ನಿಪ್ಪಲ್ ಇರೋ ಕ್ರಾಸಿನ ಒಳಗೆಲ್ಲ ಗ್ರೀಸ್ ಹೋಗೋಕೆ ತೂತು ಕೊರೆದಿರುತ್ತಾರೆ, ಗಟ್ಟಿತನ ಕಡಿಮೆ. ನಿಪ್ಪಲ್ ಇಲ್ಲದ ಸೀಲ್ಡ್ ಹಾಕಿ ಮರೆತುಬಿಡಿ.

ಗ್ರೀಸ್‌ಕೈ: ನನ್ನದು ಸೀಲ್ಡೇ ಸಾರ್, ಮರೆತಿದ್ದಕ್ಕೇ ಬಿಗಿದುಕೊಂಡಿದ್ದು. ಹಳ್ಳ ದಾಟಿದ ಮೇಲೆ ಒಳಗೆ ಹೋದ ನೀರನ್ನು ಹೇಗೆ ತೆಗೀತೀರಿ, ಬಾಯಲ್ಲಿ ಊದ್ತೀರಾ?

ಬೆಟ್ಟಹತ್ತು: ನಿಮ್ಮ ಕ್ರಾಸ್ ಹಾಳು ಮಾಡಿದ್ದು ಸುತ್ತಿಗೆ, ನೀರಲ್ಲ. ನೀವೇ ಬರೆದಿದ್ದೀರಿ, ಮೇಲೆ ಓದಿಕೊಳ್ಳಿ.

ಗ್ರೀಸ್‌ಕೈ: ಸುತ್ತಿಗೆ ಬಿದ್ದಿದ್ದು ಎರಡನೇ ಕ್ರಾಸಿಗೆ. ಓದಬೇಕಾದವರು ಯಾರು ಈಗ?