ಗಾಂಜಾ ಮತ್ತ ಹರೆಯದ ಮಿದುಳು: ಪಿಯು ಹುಡುಗೂರಿಗೆ ಏನಂತ ಹೇಳೋದು?

ಶಹಾಪುರ_ಉಪನ್ಯಾಸಕಿ
ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕ ಪಿಯು ಮಕ್ಕಳ ಮುಂದ ಅರ್ಧ ತಾಸು ಮಾತಾಡೋದದ. ಟಿಎಚ್‌ಸಿ (ಗಾಂಜಾದಾಗಿನ ಅಮಲಿನ ಅಂಶ), ಸಿಬಿ1 ಗ್ರಾಹಕ (ಮಿದುಳಿನ್ಯಾಗ ಅದು ಹೋಗಿ ಕೂಡೋ ಜಾಗ), ಹಿಪೊಕ್ಯಾಂಪಸ್ (ನೆನಪಿನ ಭಾಗ) ಇವೆಲ್ಲಾ ತಯಾರದಾವ. ಆದ್ರ ‘ತಿಂಥಣಿ ಜಾತ್ರ್ಯಾಗ ಸಾಧುಗಳು ಚಿಲುಮಿ ಸೇದ್ತಾರ, ಅವರಿಗೇನ್ ಆಗ್ಯದ್ರಿ?’ ಅಂತ ಒಬ್ಬರಾದ್ರೂ ಕೇಳ್ತಾರ. ಗಾಂಜಾ ಸೇದಿದ್ರ ಐಕ್ಯೂ 8 ಅಂಕ ಇಳೀತದ ಅನ್ನೋದು ಸ್ಲೈಡಿನ್ಯಾಗ ಹಾಕ್ಬಹುದಾ? ಈಗಾಗ್ಲೇ ಸೇದೋ ಹುಡುಗ ಬಿಟ್ರ ಮೊದ್ಲಿನಂಗ ಆಗ್ತಾನಾ?

ಮನೋವೈದ್ಯ_ಕಲಬುರಗಿ
ಮೇಡಮ್, ಸಾಧುಗಳ ಪ್ರಶ್ನೆಗೆ ಉತ್ತರ ವಯಸ್ಸಿನ್ಯಾಗೇ ಅದ. ನಮ್ಮ ಕಡೆ ಮಕ್ಕಳಿಗೆ ತೊಗರಿ ಕುಡಿ ಚಿವುಟೋದು ಗೊತ್ತು. ಹೊತ್ತಿಗೆ ಸರಿಯಾಗಿ ಚಿವುಟಿದ್ರ ಟೊಂಗಿ ಒಡೀತಾವ, ಹೂ ಬಿಟ್ಟಮ್ಯಾಲ ಚಿವುಟಿದ್ರ ನಷ್ಟ. ಹರೆಯದಾಗ ಮಿದುಳೂ ಬಳಸದ ನರಸಂಧಿ (ನರಕೋಶಗಳ ನಡುವಿನ ಕೊಂಡಿ) ಕತ್ತರಿಸಿ, ಬಳಸೋ ತಂತುಗಳಿಗೆ ಮಯಲಿನ್ ಅನ್ನೋ ಕೊಬ್ಬಿನ ಪದರ ಹೊದಿಸ್ತದ. ಮುಂದಾಲೋಚನೆ ಮಾಡೋ ಹಣೆಯ ಹಿಂದಿನ ಭಾಗ ಕಡೀಕೆ, ಸುಮಾರು 25ಕ್ಕ ಪಕ್ವ ಆಗ್ತದ. ಈ ಕೆಲಸದ ಲಗಾಮಿನ ಒಂದೆಳಿ ದೇಹ ತಾನೇ ಮಾಡೋ ಆನಂದಮೈಡ್ ಅನ್ನೋ ರಾಸಾಯನಿಕದ ಕೈಯಾಗದ. 1992ರಾಗ ಜೆರುಸಲೇಮಿನ ಮೆಕೂಲಮ್ ತಂಡ ಅದನ್ನ ಗುರುತಿಸಿ, ನಮ್ಮ ‘ಆನಂದ’ ಶಬ್ದದಿಂದಲೇ ಹೆಸರಿಟ್ತು. ಅದು ಬೇಕಾದ ಜಾಗದಾಗ ಹುಟ್ಟಿ ಬಲು ಬೇಗ ಕರಗ್ತದ. ಟಿಎಚ್‌ಸಿ ಹಂಗಲ್ಲ, ಅದೇ ಗ್ರಾಹಕಗಳ ಮ್ಯಾಲ ಕೂತು ಇಡೀ ಮಿದುಳಿಗೆ ಒಮ್ಮೆಲೇ ತಾಸುಗಟ್ಟಲೆ ಹೊಡೀತದ. ಐವತ್ತರ ಸಾಧುವಿಗೆ ಈ ಕಟ್ಟೋ ಕೆಲಸ ಮುಗದು ಎಷ್ಟೋ ವರ್ಷ ಆಗಿರ್ತದ. ಹಂಗಂತ ಅವರಿಗೆ ಅಪಾಯ ಇಲ್ಲಂತಲ್ಲ.

8 ಅಂಕ ಬ್ಯಾಡ್ರಿ. ಅದು ನ್ಯೂಜಿಲೆಂಡಿನ ಡುನೆಡಿನ್ ಅಧ್ಯಯನದ ಸಂಖ್ಯೆ. 1972–73ರಾಗ ಹುಟ್ಟಿದ 1,037 ಮಂದಿಯನ್ನ 38ರ ತನಕ ನೋಡ್ಯಾರ. ಅಷ್ಟು ಇಳಿದದ್ದು ಹರೆಯದಾಗೇ ಶುರು ಮಾಡಿ ವರ್ಷಾನುಗಟ್ಟಲೆ ವ್ಯಸನಿಗಳಾಗಿದ್ದವರಿಗೆ ಮಾತ್ರ. 2016ರ ಅಮೆರಿಕದ ಅವಳಿಗಳ ಅಧ್ಯಯನದಾಗ ಸೇದಿದವರಿಗೂ ಸೇದದ ಅವರ ಅವಳಿ ಜೋಡಿಗೂ ಅಂಥಾ ಅಂತರ ಕಾಣ್ಲಿಲ್ಲ, ಮನೆ-ಪರಿಸರದ ಪಾಲೂ ಅದರಾಗ ಅದ. ‘ಒಂದ್ ದಮ್ಮಿಗೆ ಮಿದುಳು ಸುಡ್ತದ’ ಅಂತೂ ಹೇಳಬ್ಯಾಡ್ರಿ. ಸೇದಿ ಪಾಸಾದ ಗೆಳೆಯ ಅವರ ಪಕ್ಕದಾಗೇ ಕುಂತಿರ್ತಾನ, ಮುಂದಿನ ಖರೇ ಮಾತೂ ನಂಬೋದಿಲ್ಲ.

ಗಟ್ಟಿಯಾಗಿ ಹೇಳ್ಬಹುದಾದ್ದು: ಸೇದಿದವರಾಗ ಚಟಕ್ಕ ಬೀಳೋರು ಸುಮಾರು ಶೇ 9, ಹರೆಯದಾಗ ಶುರು ಮಾಡಿದ್ರ ಆರರಾಗ ಒಬ್ಬ. ಮನೆತನದಾಗ ಸ್ಕಿಜೋಫ್ರೇನಿಯಾ (ಭ್ರಮೆ, ಸಂಶಯ ಕಾಡೋ ತೀವ್ರ ಮಾನಸಿಕ ಕಾಯಿಲೆ) ಇದ್ದವರಿಗೆ ದಿನಾ ಸೇದೋದು ಬೆಂಕಿ ಜೋಡಿ ಆಟ.

ಬಿಟ್ರ? ಬಾಸ್ಟನ್ನಿನಾಗ 16–25ರ 88 ಮಂದಿಯನ್ನ ನೋಡ್ಯಾರ. ಬಿಟ್ಟವರ ನೆನಪಿನ ಪರೀಕ್ಷೆ ಅಂಕ ಮೊದಲ ವಾರದಾಗೇ ಏರಿತು, ಗಮನದ್ದು ತಿಂಗಳಿಗೂ ಬದಲಾಗ್ಲಿಲ್ಲ. ಮಕ್ಕಳಿಗೆ ಇದನ್ನ ಹೇಳ್ರಿ, ನಡುಗಿಸೋಕಿಂತ ಇದು ಹೆಚ್ಚು ಕೆಲಸ ಮಾಡ್ತದ.

ಆಪ್ತಸಮಾಲೋಚಕಿ_ಬೀದರ್
ಡಾಕ್ಟರ್ ಹೇಳಿದ್ದಕ್ಕೆ ಬಿಡುವಾಗಿನ ಕಷ್ಟವನ್ನೂ ಸೇರಿಸಿ ಮೇಡಮ್. 24–48 ತಾಸಿನೊಳಗೆ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರೋದು, ಬೆವರು ಶುರು. ಮೊದಲ ವಾರ ಜೋರು, ಎರಡು-ಮೂರು ವಾರಕ್ಕೆ ಇಳಿಯುತ್ತದೆ, ವಿಚಿತ್ರ ಕನಸು ಇನ್ನಷ್ಟು ದಿನ ಇರಬಹುದು. ಗಾಂಜಾಕ್ಕೆ ತಂಬಾಕು ಬೆರೆಸಿ ಸೇದಿದ್ದರೆ ನಿಕೋಟಿನ್ ಚಟವೂ ಜೊತೆಗೆ ಇರುತ್ತದೆ. ಗಾಂಜಾ ಬಿಟ್ಟು ಸಿಗರೇಟು ಉಳಿಸಿಕೊಂಡ ಹುಡುಗ ಅದೇ ಗುಂಪಿಗೆ, ಅದೇ ಚಹಾದಂಗಡಿಗೆ ಹೋಗುತ್ತಾನೆ, ಮತ್ತೆ ಜಾರುತ್ತಾನೆ. ಎರಡನ್ನೂ ಕೂಡಿಯೇ ಬಿಡಿಸಬೇಕು.

ಪಾಲಕರು ಮೆಡಿಕಲ್ ಅಂಗಡಿಯಿಂದ ಮೂತ್ರ ಪರೀಕ್ಷೆ ಕಿಟ್ ತಂದು ಜಗಳಕ್ಕೆ ನಿಲ್ಲುವುದೂ ಇದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕೂಡುತ್ತದೆ. ಅಪರೂಪಕ್ಕೆ ಸೇದಿದವನಲ್ಲಿ ಸುಮಾರು 3 ದಿನ, ದಿನಾ ಸೇದುತ್ತಿದ್ದವನಲ್ಲಿ 30 ದಿನ ದಾಟಿಯೂ ಪಾಸಿಟಿವ್ ಬರಬಹುದು. ಖರೇ ಬಿಟ್ಟವನನ್ನು ಮೂರನೇ ವಾರದಲ್ಲಿ ಸುಳ್ಳುಗಾರ ಅಂದರೆ ಅವನು ಮನೆಯವರನ್ನೇ ಬಿಡುತ್ತಾನೆ.

ಪೊಲೀಸರ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಸೆಕ್ಷನ್ 64ಎ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣದಿಂದ ರಕ್ಷಣೆ ಕೊಡುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಶಹಾಪುರ_ಉಪನ್ಯಾಸಕಿ
ಭಾಳ ಉಪಕಾರ ಆಯ್ತು. ಭಂಗಿ (ಗಾಂಜಾ ಗಿಡದ ಎಲಿ ಅರೆದು ಮಾಡಿದ್ದು) ಕುಡಿಯೋದು ಕಾನೂನಿನ್ಯಾಗ ಬರೋದಿಲ್ಲ, ಅದಕ್ಕ ಸುರಕ್ಷಿತ ಅಂತ ವಾದ ಮಾಡ್ತಾರಲ್ರಿ?

ಮನೋವೈದ್ಯ_ಕಲಬುರಗಿ
ಕಾಯ್ದೆಯ ‘ಗಾಂಜಾ’ ಅಂದ್ರ ಹೂ-ಕಾಯಿ ಬಿಟ್ಟ ತುದಿ, ಬರೇ ಎಲಿ ಅದರಾಗ ಬರೋದಿಲ್ಲ. ಮಿದುಳಿಗೆ ಬರೋದು ಮಾತ್ರ ಅದೇ ಟಿಎಚ್‌ಸಿ. ಸೇದಿದ್ದು ನಿಮಿಷದಾಗ ಏರ್ತದ, ಕುಡಿದದ್ದಕ್ಕ ಅರ್ಧ ತಾಸಿನಿಂದ ಎರಡು ತಾಸು ಬೇಕು. ‘ಏನೂ ಆಗ್ಲಿಲ್ಲ’ ಅಂತ ಇನ್ನೊಂದು ಗ್ಲಾಸ್ ಏರಿಸ್ದಾಗಲೇ ಗಾಬ್ರಿ, ವಾಂತಿ, ಎದಿಬಡಿತ. ಸ್ಲೈಡಿನ ಕೊನಿಗೆ ಇಷ್ಟು ಬರೀರಿ: ಯಾರೋ ಮಾತಾಡ್ದಂಗ ಕೇಳಿಸೋದು, ಮನಿಯವರ ಮ್ಯಾಲೇ ಸಂಶಯ, ಎರಡು ರಾತ್ರಿ ನಿದ್ದಿ ಇಲ್ಲದಿರೋದು ಕಂಡ್ರ ಕಾಯಬ್ಯಾಡ್ರಿ, ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ.