ಕೆಲಸದ ಮೇಜಿನ ಮುಂದೆ ನನ್ನ ನಂಬಿಕೆ ಎಲ್ಲಿರುತ್ತದೆ?

ಯಾತ್ರಿಕ (ಪ್ರಶ್ನೆ):

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವನು. ಬೆಳಗಿನ ಪ್ರಾರ್ಥನೆಯಾಗಲಿ, ಸತ್ಯವೇದದ ಓದಾಗಲಿ, ಭಾನುವಾರದ ಆರಾಧನೆಯಾಗಲಿ ನನಗೆ ತಪ್ಪಿದ್ದಿಲ್ಲ. ಆದರೆ ಕಚೇರಿಯಲ್ಲಿ ಕುಳಿತ ಮೇಲೆ ಸಂಜೆಯವರೆಗೂ ದೇವರ ನೆನಪು ಒಮ್ಮೆಯೂ ಬರುವುದಿಲ್ಲ.

ಎರಡು ತಿಂಗಳ ಹಿಂದೆ ದಾಸ್ತಾನಿನ ಲೆಕ್ಕದಲ್ಲಿ ಒಂದು ಮೊತ್ತವನ್ನು ನಾನೇ ತಪ್ಪಾಗಿ ನಮೂದಿಸಿದ್ದೆ. ಮೇಲಧಿಕಾರಿಗಳು ಆ ಹಾಳೆಯನ್ನು ನಮ್ಮಿಬ್ಬರ ನಡುವೆ ಇಟ್ಟು, ಇದನ್ನು ಬರೆದವರು ಯಾರೆಂದು ಕೇಳಿದರು. ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಸುಮ್ಮನೆ ಕುಳಿತೆ. ಅನುಮಾನ ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿಯ ಮೇಲೆ ಹೋಯಿತು, ಅವರಿಗೆ ಲಿಖಿತ ಎಚ್ಚರಿಕೆಯೂ ಬಂತು. ಮುಂದಿನ ಭಾನುವಾರ ಕರ್ತನ ಭೋಜನದ ಪಾತ್ರೆಯನ್ನು ಕೈಗೆ ತೆಗೆದುಕೊಂಡಾಗ ಆ ಮುಚ್ಚಳ ನೆನಪಾಯಿತು. ದೇವರ ಮುಂದೆ ಪಾಪವನ್ನು ಅರಿಕೆಮಾಡಿಕೊಂಡಿದ್ದೇನೆ, ಅತ್ತಿದ್ದೇನೆ, ಆದರೂ ಸಮಾಧಾನವಿಲ್ಲ.

ಈ ಉದ್ಯೋಗವನ್ನು ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗುವುದೇ ಒಳ್ಳೆಯದೇನೋ ಎಂದು ಈಚೆಗೆ ಅನಿಸುತ್ತಿದೆ. ಲೆಕ್ಕಪತ್ರ, ಗಡುವು, ವಾಗ್ವಾದಗಳ ನಡುವೆ ನಂಬಿಕೆಯನ್ನು ಬಾಳುವುದು ಹೇಗೆ? ಅನುಭವಸ್ಥರು ದಯವಿಟ್ಟು ತಿಳಿಸಿ.

ಹಳೆಯ ದೀಪ (ಉತ್ತರ):

ಸಹೋದರರೇ, ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗಿಂತ ನಡುವೆ ಹೇಳಿದ ಸಂಗತಿಯೇ ನನಗೆ ಮುಖ್ಯವಾಗಿ ಕಾಣುತ್ತಿದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆರಾಧನೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಎಂಬ ಒಡಕು ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಪ್ರವಾದಿಯಾದ ಆಮೋಸನ ಪುಸ್ತಕದ 8ನೇ ಅಧ್ಯಾಯದಲ್ಲಿ ಬರುವ ವ್ಯಾಪಾರಿಗಳು ಸಬ್ಬತ್ತನ್ನು, ಅಂದರೆ ವಾರದ ವಿಶ್ರಾಂತಿ ದಿನವನ್ನು, ಮುರಿಯುವವರಲ್ಲ. ಅಂಗಡಿ ಮುಚ್ಚಿ ದಿನವನ್ನು ಆಚರಿಸುತ್ತಾರೆ. ಆದರೆ ಅದು ಯಾವಾಗ ಮುಗಿದೀತು, ಅಳತೆಯನ್ನು ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸಮಾಡಿ ಯಾವಾಗ ಮಾರೇವು ಎಂದು ಕಾಯುತ್ತಿರುತ್ತಾರೆ. ಪ್ರವಾದಿ ಅವರನ್ನು ಹಿಡಿದು ನಿಲ್ಲಿಸುವುದು ಆ ತಕ್ಕಡಿಯ ಬಳಿಯಲ್ಲಿ. ನಿಮ್ಮನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ. ಅವರಿಗೆ ಕಾಣದಿದ್ದ ಒಡಕು ನಿಮ್ಮನ್ನು ನೋಯಿಸುತ್ತಿದೆ, ಅದು ದೇವರ ಕೃಪೆಯೇ.

ಮತ್ತಾಯ 5:23-24ನ್ನು ನೀವು ಅನೇಕ ಸಾರಿ ಓದಿರುತ್ತೀರಿ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸಮಾಧಾನ ಮಾಡಿಕೋ ಎನ್ನುತ್ತಾನೆ ಯೇಸು. ಈ ಮಾತನ್ನು ಆತನು ಆಡಿದ್ದು ಗಲಿಲಾಯದಲ್ಲಿ, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಅಂದು ಅದನ್ನು ಕೇಳುತ್ತಿದ್ದವರಿಗೆ ಅದು ಹಲವು ದಿನ ನಡೆಯಬೇಕಾದ ದೂರ. ಅಷ್ಟು ದೂರ ಹಿಂದಿರುಗಿ ಹೋಗು, ಕಾಣಿಕೆ ಕಾಯಲಿ ಎಂಬುದು ಎಷ್ಟು ಗಟ್ಟಿಯಾದ ಮಾತು! ನೀವು ನಡೆಯಬೇಕಾಗಿರುವುದು ಪಕ್ಕದ ಮೇಜಿಗೆ ಮಾತ್ರ.

ನೀವು ದೇವರ ಮುಂದೆ ಅತ್ತದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸತ್ಯವೇದದ ಅರಣ್ಯಕಾಂಡ 5:7ರಲ್ಲಿ ಪಾಪದ ಅರಿಕೆ ಮತ್ತು ನಷ್ಟಭರ್ತಿ ಒಂದೇ ಉಸಿರಿನಲ್ಲಿ ಬರುತ್ತವೆ: ತಪ್ಪನ್ನು ಒಪ್ಪಿಕೊಂಡವನು ಪೂರ್ತಿ ಮೊತ್ತವನ್ನು ಹಿಂದಕ್ಕೆ ಕೊಟ್ಟು, ಅದರ ಮೇಲೆ ಐದನೆಯ ಒಂದು ಪಾಲನ್ನು ಕೂಡಿಸಿ, ತಾನು ಯಾರಿಗೆ ಅನ್ಯಾಯ ಮಾಡಿದನೋ ಅವನ ಕೈಗೇ ಒಪ್ಪಿಸಬೇಕು. ಸುಂಕದವನಾದ ಜಕ್ಕಾಯನು ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನ ಅಷ್ಟಕ್ಕೇ ನಿಲ್ಲದೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತೆಂದು ಕರ್ತನು ಹೇಳಿದ್ದು ಆಮೇಲೆ. ನಿಮ್ಮ ಸಹೋದ್ಯೋಗಿಗೆ ಆದ ನಷ್ಟ ಹಣದ್ದಲ್ಲ, ಹೆಸರಿನದು. ಆ ಎಚ್ಚರಿಕೆ ಕಾಗದದ ಮೇಲೆ ಇರುವುದರಿಂದ ನಿಮ್ಮ ಒಪ್ಪಿಗೆಯೂ ಕಾಗದದ ಮೇಲೆಯೇ ಇರಬೇಕು. ಬಾಯಿಮಾತಿನಲ್ಲಿ ಹೇಳಿದರೆ ನಿಮ್ಮ ಮನಸ್ಸು ಹಗುರವಾದೀತು, ಅವರ ಕಡತದಲ್ಲಿರುವುದು ಹಾಗೆಯೇ ಉಳಿಯುತ್ತದೆ.

ಬಿತ್ತುವವ (ಉತ್ತರ):

ಮೇಲಿನ ಉತ್ತರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಉದ್ಯೋಗ ಬಿಡುವ ವಿಷಯದಲ್ಲಿ ಮಾತ್ರ ಒಂದೆರಡು ಮಾತು.

ಲೂಕ 3ರಲ್ಲಿ ಸುಂಕದವರೂ ಸಿಪಾಯಿಗಳೂ ಸ್ನಾನಿಕನಾದ ಯೋಹಾನನ ಬಳಿಗೆ ಬಂದು, ನಾವೇನು ಮಾಡಬೇಕೆಂದು ಕೇಳುತ್ತಾರೆ. ಜನರ ದ್ವೇಷಕ್ಕೆ ಗುರಿಯಾಗಿದ್ದ ಕೆಲಸಗಳು ಅವು. ಹಾಗಿದ್ದರೂ ಆ ಕೆಲಸ ಬಿಟ್ಟು ತನ್ನೊಂದಿಗೆ ಅರಣ್ಯಕ್ಕೆ ಬನ್ನಿರೆಂದು ಯೋಹಾನನು ಕರೆಯಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಅವರು ಕುಳಿತಿದ್ದ ಸುಂಕದ ಕಟ್ಟೆಯಲ್ಲಿಯೇ ಪಶ್ಚಾತ್ತಾಪದ ಫಲ ಕಾಣಬೇಕಾಗಿತ್ತು.

ಬ್ರಿಟನ್ನಿನ ಸಂಸತ್ ಸದಸ್ಯರಾಗಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೂ 1785ರಲ್ಲಿ, ನಂಬಿಕೆ ಜೀವಂತವಾದ ಹೊಸತರಲ್ಲಿ, ರಾಜಕೀಯದಲ್ಲಿ ಉಳಿಯಬೇಕೇ ಎಂಬ ತಳಮಳ ಉಂಟಾಗಿತ್ತು. ಅವರು ಸಲಹೆ ಕೇಳಿದ್ದು ಹಿಂದೊಮ್ಮೆ ಗುಲಾಮರ ಹಡಗಿನ ಕಪ್ತಾನರಾಗಿದ್ದು ಆಮೇಲೆ ಸಭಾಪಾಲಕರಾದ ಜಾನ್ ನ್ಯೂಟನ್ ಅವರನ್ನು. ಇದ್ದಲ್ಲಿಯೇ ಇದ್ದು ದೇವರನ್ನು ಸೇವಿಸಿರಿ ಎಂಬುದು ನ್ಯೂಟನ್ನರ ಸಲಹೆಯಾಗಿತ್ತು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ 1807ರಲ್ಲಿ ಬಂತು. ಅದಕ್ಕಾಗಿ ಹೋರಾಡಿದ ವಿಲ್ಬರ್‌ಫೋರ್ಸ್ ಅವರು ಅದಕ್ಕೆ ಮೊದಲು ಎಷ್ಟೋ ಸೋಲುಗಳನ್ನು ಅದೇ ಸಂಸತ್ತಿನಲ್ಲಿ ಕುಳಿತು ನುಂಗಿಕೊಳ್ಳಬೇಕಾಯಿತು.

ಪೂರ್ಣಾವಧಿ ಸೇವೆಯ ಕರೆ ನಿಜವಾದದ್ದು, ಅದನ್ನು ಪಡೆದವರು ಧನ್ಯರು. ಆದರೆ ತಪ್ಪನ್ನು ಸರಿಪಡಿಸುವ ಮೊದಲೇ ಆ ಸ್ಥಳವನ್ನು ಬಿಟ್ಟು ಹೋಗಬೇಕೆನ್ನುವ ತವಕವನ್ನು ಕರೆಯೆಂದು ತಿಳಿಯಲು ನನಗೆ ಮನಸ್ಸು ಬರುವುದಿಲ್ಲ. ಮೊದಲು ಪತ್ರ ಕೊಡಿ. ಆಮೇಲೂ ಆ ಕರೆ ಉಳಿದಿದ್ದರೆ ನಿಮ್ಮ ಸಭಾಪಾಲಕರೊಂದಿಗೆ ಕುಳಿತು ಪ್ರಾರ್ಥಿಸಿ.

ದ್ರಾಕ್ಷಾಬಳ್ಳಿ (ಉತ್ತರ):

ಕೆಲಸದ ನಡುವೆ ದೇವರ ನೆನಪೇ ಬರುವುದಿಲ್ಲ ಎಂದಿರಲ್ಲ, ಸಹೋದರರೇ, ಅದರ ಬಗ್ಗೆ ಹೇಳುತ್ತೇನೆ.

ಹಾಸಿಗೆ ಹಿಡಿದಿರುವ ನನ್ನ ತಂದೆಯವರನ್ನು ಮೂರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಮೈಯಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಹಾಗೆ ಬದಲಾಯಿಸಿದಾಗಲೆಲ್ಲ ಅವರ ಬೆನ್ನಿನ ಕೆಳಗಿನ ಹಾಸು ಮುದುಡಿರುತ್ತದೆ. ಒಂದು ಸಣ್ಣ ಸುಕ್ಕು ಉಳಿದರೂ ಮುಂದಿನ ಸಾರಿ ಆ ಜಾಗ ಕೆಂಪಾಗಿರುತ್ತದೆ. ಮೊದಲ ವರ್ಷ ನನಗೂ ಪ್ರಾರ್ಥನೆಯೆಂದರೆ ಈ ಕೆಲಸಗಳೆಲ್ಲ ಮುಗಿದ ಮೇಲೆ ಸಿಗಬೇಕಾದ ಸಮಯವಾಗಿತ್ತು. ಆ ಸಮಯ ಸಿಗಲೇ ಇಲ್ಲ. ದೇವರಿಂದ ದೂರವಾದೆನೆಂದು ಎಷ್ಟೋ ರಾತ್ರಿ ಕೊರಗಿದ್ದೇನೆ.

ಆಗ ನನಗೆ ನೆರವಾದವರು ಸಹೋದರ ಲಾರೆನ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಸಭೆಯ ಮಠದಲ್ಲಿದ್ದ, ಯಾಜಕ ದೀಕ್ಷೆ ಇಲ್ಲದ ಸಾಧಾರಣ ಸಹೋದರ ಅವರು. ಹಿಂದೆ ಸೈನಿಕರಾಗಿದ್ದು ಗಾಯಗೊಂಡಿದ್ದರು, ಕಾಲು ಊನವಾಗಿತ್ತು. ಮಠದಲ್ಲಿ ಅವರ ಪಾಲಿಗೆ ಬಂದದ್ದು ಅಡುಗೆಮನೆ, ಸ್ವಭಾವತಃ ಅವರಿಗೆ ಅದು ಇಷ್ಟವಿಲ್ಲದ ಕೆಲಸ. ಅಲ್ಲಿಯೇ ವರ್ಷಗಟ್ಟಲೆ ದುಡಿದು, ಪ್ರಾರ್ಥನೆಯ ಹೊತ್ತು ಮತ್ತು ಕೆಲಸದ ಹೊತ್ತು ತನಗೆ ಬೇರೆ ಬೇರೆಯಲ್ಲ ಎನ್ನುವಷ್ಟರ ಮಟ್ಟಿಗೆ ಅವರು ಬಂದರು. ನನ್ನನ್ನು ತಟ್ಟಿದ್ದು ಇನ್ನೊಂದು ಸಂಗತಿ: ಮನಸ್ಸು ದೇವರನ್ನು ಮರೆತು ಅಲೆದಾಗ ಅವರು ತಮ್ಮನ್ನು ತಾವೇ ಹಿಂಸಿಸಿಕೊಳ್ಳುತ್ತಿರಲಿಲ್ಲ, ತಪ್ಪನ್ನು ಒಪ್ಪಿಕೊಂಡು, ಸುಮ್ಮನೆ ಹಿಂದಿರುಗುತ್ತಿದ್ದರು. ಆ ಹಿಂದಿರುಗುವಿಕೆಯೇ ರೂಢಿಯಾಯಿತು.

ಈಗ ಹಾಸಿನ ಸುಕ್ಕನ್ನು ಅಂಗೈಯಿಂದ ಸವರಿ ತೆಗೆಯುವ ಆ ಅರ್ಧ ನಿಮಿಷದಲ್ಲಿ, "ಕರ್ತನೇ, ಇದು ನಿನಗಾಗಿ" ಎನ್ನುತ್ತೇನೆ. ಕೆಲವು ರಾತ್ರಿ ನಿದ್ದೆಗಣ್ಣಿನಲ್ಲಿ ಅದೂ ಮರೆತುಹೋಗುತ್ತದೆ, ಸುಕ್ಕನ್ನಂತೂ ತೆಗೆದಿರುತ್ತೇನೆ. ಅದನ್ನೂ ಆತನು ಸ್ವೀಕರಿಸುತ್ತಾನೆಂದೇ ನಂಬಿದ್ದೇನೆ. ನಿಮಗೂ ಅಂಥ ಒಂದು ಜಾಗ ಸಿಕ್ಕೀತು. ಪ್ರತಿ ಲೆಕ್ಕಕ್ಕೆ ಸಹಿ ಹಾಕುವ ಮುನ್ನಿನ ಒಂದು ಕ್ಷಣವಾದರೂ ಆಗಬಹುದು.

ಹಳೆಯ ದೀಪ ಅವರ ಮಾತಿಗೆ ಒಂದನ್ನು ಸೇರಿಸಲೇಬೇಕು. ಸಹೋದ್ಯೋಗಿಯ ಬಳಿಗೆ ಹೋದಾಗ ಅವರ ಮುಂದೆ ಅಳಬೇಡಿ. ಅತ್ತರೆ ಅವರೇ ನಿಮ್ಮನ್ನು ಸಂತೈಸಬೇಕಾಗುತ್ತದೆ, ನೋವು ಉಂಡವರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಕ್ಷಮಿಸಿದ್ದೇನೆ ಎಂಬ ಮಾತನ್ನು ಅವರ ಬಾಯಿಂದ ಅಂದೇ ಪಡೆಯಲು ಕಾಯಬೇಡಿ.

ಯಾತ್ರಿಕ (ಮೂರು ದಿನಗಳ ಬಳಿಕ):

ನಿಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಪತ್ರವನ್ನು ನಾಲ್ಕು ಸಾರಿ ಬರೆದೆ. ಮೊದಲಿನ ಮೂರರಲ್ಲಿ ಕೆಲಸದ ಒತ್ತಡವನ್ನು ವಿವರಿಸುವ ಒಂದು ವಾಕ್ಯ ಹೇಗೋ ನುಸುಳಿತ್ತು. ನಾಲ್ಕನೆಯದರಲ್ಲಿ ಅದನ್ನು ಹೊಡೆದುಹಾಕಿದೆ. ಅಧಿಕಾರಿಗಳಿಗೆ ಕೊಡುವ ಮೊದಲು ಸಹೋದ್ಯೋಗಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, ಎಚ್ಚರಿಕೆ ಬಂದ ದಿನಾಂಕವನ್ನು ನಾನು ತಪ್ಪಾಗಿ ಬರೆದಿದ್ದೇನೆಂದು ತೋರಿಸಿಕೊಟ್ಟರು. ತಿದ್ದಿದೆ. ಆ ದಿನದ ಸಂಗತಿಯನ್ನು ಇಂದಿಗೂ ಮನೆಯಲ್ಲಿ ಹೇಳಿಲ್ಲವೆಂದರು. ಕ್ಷಮಿಸಿದ್ದೇನೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಪತ್ರ ಈಗ ಅಧಿಕಾರಿಗಳ ಬಳಿ ಇದೆ, ಸೋಮವಾರ ನನ್ನನ್ನು ಕರೆದಿದ್ದಾರೆ. ನನಗಿಂತ ಮೊದಲು ಆ ಸಹೋದ್ಯೋಗಿಗಾಗಿ ಪ್ರಾರ್ಥಿಸಿ.