ಸಹಾಯ ಬೇಕು: ಮಗು ಅತ್ತರೆ ನನ್ನ ಹಳೇ ಭಯ ಎದ್ದು ಬರುತ್ತದೆ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ಚಿಕ್ಕವಳಿದ್ದಾಗ ಮನೆಯಲ್ಲೇ ಹೊಡೆತ, ಬೈಗುಳ ತಿಂದು ಬೆಳೆದವಳು ನಾನು. ಆಮೇಲೆ ಅದೆಲ್ಲ ಮರೆತೇಹೋಗಿತ್ತು ಅನ್ನಿ. ಮಗು ಹುಟ್ಟಿದ ಮೇಲೆ ಎಲ್ಲ ವಾಪಸ್ ಬಂದಿದೆ. ರಾತ್ರಿ ಮಗು ಜೋರಾಗಿ ಅತ್ತರೆ ನನ್ನ ಕೈ ತಣ್ಣಗಾಗುತ್ತದೆ, ಉಸಿರು ಬಿಗಿಯುತ್ತದೆ. ಈಗ ಯಾರೋ ಹೊಡೆಯಲು ಬರುತ್ತಾರೆ ಅನ್ನಿಸಿ ಬಾಗಿಲ ಕಡೆ ನೋಡುತ್ತೇನೆ. ಮಗುವಿನ ಮೇಲೆ ಯಾವತ್ತೂ ಕೈ ಮಾಡಿಲ್ಲ. ಆದರೆ ಎತ್ತಿಕೊಂಡರೂ ಮನಸ್ಸು ಅಲ್ಲಿರುವುದಿಲ್ಲ.

ಡಾಕ್ಟರ್ ಎಡಿನ್‌ಬರೋ ಸ್ಕೇಲ್ ಅಂತ ಹೆರಿಗೆ ನಂತರದ ಖಿನ್ನತೆ ಇದೆಯಾ ಅಂತ ನೋಡುವ 10 ಪ್ರಶ್ನೆಗಳ ಹಾಳೆ ಕೊಟ್ಟಿದ್ದರು. ಕಳೆದ 7 ದಿನ ಹೇಗಿದ್ದಿರಿ ಅಂತಷ್ಟೇ ಅದು ಕೇಳುತ್ತದೆ, ಬಾಲ್ಯದ ಬಗ್ಗೆ ಒಂದು ಮಾತೂ ಇಲ್ಲ. ಪಕ್ಕದಲ್ಲೇ ಅತ್ತೆ ಕೂತಿದ್ದರು, ನಾನಾಗಿ ಹೇಗೆ ಹೇಳಲಿ? 1998ರ ಎಸಿಇ (ಬಾಲ್ಯದ ಕಹಿ ಅನುಭವಗಳ) ಅಧ್ಯಯನದ ಬಗ್ಗೆ ಓದಿದೆ. ಬಾಲ್ಯದಲ್ಲಿ ಇಂಥ ಅನುಭವ ಜಾಸ್ತಿ ಆದಷ್ಟೂ ದೊಡ್ಡವರಾದ ಮೇಲೆ ಖಿನ್ನತೆಯ ಸಾಧ್ಯತೆಯೂ ಜಾಸ್ತಿಯಂತೆ. ಹಾಗಿದ್ದ ಮೇಲೆ ಬಾಣಂತಿಯರನ್ನು ಇದನ್ನೂ ಕೇಳಬೇಕಲ್ವಾ?

ಇದನ್ನು ಅನುಭವಿಸಿದ ಅಮ್ಮಂದಿರು ಇಲ್ಲಿ ಇದ್ದೀರಾ? ಡಾಕ್ಟರ್ ಹತ್ತಿರ ಮೊದಲ ಮಾತು ಹೇಗೆ ಶುರು ಮಾಡಿದಿರಿ? ಗಂಡನಿಗೆ ಎಷ್ಟು ಹೇಳಿದಿರಿ? ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಹಳೇ ನೋವಿನ ನೆನಪು ಹಗುರ ಮಾಡುವ ಚಿಕಿತ್ಸೆ) ಅಥವಾ ಟ್ರಾಮಾಗೆ, ಅಂದ್ರೆ ಮನಸ್ಸಿನ ಹಳೇ ಆಘಾತಕ್ಕೆ, ಅಂತಲೇ ಮಾಡುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ತಗೊಂಡವರಿದ್ದರೆ ದಯವಿಟ್ಟು ತಿಳಿಸಿ. ಮೊದಲ ದಿನವೇ ಎಲ್ಲ ಬಾಯಿಬಿಡಿಸುತ್ತಾರಾ? ನನಗೆ ಅದೇ ದೊಡ್ಡ ಭಯ. ಎದೆಹಾಲು ಕೊಡುತ್ತಿದ್ದೇನೆ, ಮಾತ್ರೆಯ ವಿಷಯ ಮಾತ್ರ ಡಾಕ್ಟರನ್ನೇ ಕೇಳಿಕೊಳ್ಳುತ್ತೇನೆ.

"ಹಳೇದೆಲ್ಲ ಮರೆತುಬಿಡು" ಅನ್ನೋ ಸಲಹೆ ಬೇಡ, ಅದು ಮನೆಯಲ್ಲೇ ಸುಮ್ನೆ ಸಿಗುತ್ತಿದೆ. ಇಲ್ಲಿ ಬರೆಯೋಕೆ ಮುಜುಗರ ಆದರೆ ಮೆಸೇಜ್ ಮಾಡಿ.